ಕೈ ಬಿಗಿಯಾಗಿರುವಾಗ ಹಬ್ಬದ ಉಡುಗೊರೆಯನ್ನು ಯಾರ ಮನಸ್ಸಿಗೂ ನೋವಾಗದಂತೆ ಕಡಿಮೆ ಮಾಡುವುದು ಹೇಗೆ?

ಯಜಮಾನರ ಜೊತೆ ಕುಳಿತು ಮೊದಲು ಒಂದು ಮೊತ್ತ ಗೊತ್ತುಮಾಡಿಕೊಳ್ಳಿ. ಅದನ್ನು ದೀಪಾವಳಿಗೆ ಒಂದು ತಿಂಗಳು ಮುಂಚೆಯೇ ಎಲ್ಲರಿಗೂ ಬಾಯಿಬಿಟ್ಟು ಹೇಳಿಬಿಡಿ. ಯಜಮಾನರ ಓವರ್‌ಟೈಮ್ ನಿಂತಿದೆ, ನಿಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಸರಗಳ್ಳತನ ಆಗಿದೆ, ಇಷ್ಟರ ನಡುವೆ ಮೂವರು ನಾದಿನಿಯರಿಗೂ ಅವರ ಮಕ್ಕಳಿಗೂ ಉಡುಗೊರೆ ಹೊಂದಿಸಬೇಕು, ಕಡಿಮೆ ಮಾಡಿದರೆ ಏನಂದುಕೊಳ್ಳುತ್ತಾರೋ ಎಂದು ಬರೆದಿದ್ದೀರಿ. ನಿಮ್ಮ ಯಜಮಾನರ ಜಾಗದಲ್ಲಿ 2025ರಲ್ಲಿ ನಾನು ನಿಂತಿದ್ದೆ. ನನಗೂ ಮೂವರು ತಂಗಿಯರು.

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ನಾನು ಲೈನ್ ಸೂಪರ್‌ವೈಸರ್. ನಾವು ಹೊಲಿಯುವ ಅಂಗಿಗಳು ಹೆಚ್ಚಾಗಿ ಹೋಗುವುದು ಅಮೆರಿಕಕ್ಕೆ. 2025ರ ಗೌರಿ ಹಬ್ಬ ಆಗಸ್ಟ್ 26ಕ್ಕೆ ಬಂತು. ಮರುದಿನ, ಗಣೇಶನನ್ನು ಕೂರಿಸಿದ ದಿನವೇ, ಭಾರತದ ಸರಕಿನ ಮೇಲೆ ಅಮೆರಿಕದ ಶೇ 50ರ ಸುಂಕ ಜಾರಿಗೆ ಬಂತು. ಅದರ ಬಿಸಿ ನಮಗೆ ಅದಕ್ಕೂ ಮೊದಲೇ ತಟ್ಟಿತ್ತು. ಆ ತಿಂಗಳ ಮೊದಲ ವಾರದಿಂದಲೇ ಸಂಜೆಯ ಓವರ್‌ಟೈಮ್ ನಿಂತುಹೋಗಿತ್ತು. ನನ್ನ ಮನೆಯಲ್ಲಿ ಬಾಡಿಗೆ, ಮಗಳ ಶುಲ್ಕ ಸಂಬಳದಲ್ಲಿ ತೀರುತ್ತವೆ. ಹಬ್ಬ, ಮದುವೆ, ಮುಯ್ಯಿ ಎಲ್ಲವೂ ಓವರ್‌ಟೈಮಿನ ದುಡ್ಡಿನಲ್ಲೇ ನಡೆಯಬೇಕು.

ಹಿಂದಿನ ವರ್ಷ, 2024ರ ಗೌರಿ ಹಬ್ಬಕ್ಕೆ, ನಾನು ದೊಡ್ಡ ತಪ್ಪು ಮಾಡಿದ್ದೆ. ಹೆಂಡತಿಯ ಎರಡು ಬಳೆ ಅಡವಿಟ್ಟು ಮೂವರು ತಂಗಿಯರಿಗೂ ರೇಷ್ಮೆ ಸೀರೆ, ಒಂದೊಂದು ಗ್ರಾಂ ಚಿನ್ನದ ನಾಣ್ಯ ಕೊಟ್ಟೆ. ಅವರು ಕೇಳಿರಲಿಲ್ಲ. ಅಪ್ಪ ಅಮ್ಮ ಇಲ್ಲದ ತವರು ಬಡವಾಯಿತು ಎಂದು ಅವರಿಗೆ ಅನ್ನಿಸಬಾರದು ಎಂಬ ಹಟ ನನ್ನದು. ಬಳೆ ಬಿಡಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಅವಳು ಗಾಜಿನ ಬಳೆಯಲ್ಲೇ ಇದ್ದು, ಕೇಳಿದವರಿಗೆಲ್ಲ ‘ಈಗ ಕಳ್ಳರ ಕಾಟ, ಅದಕ್ಕೇ ಬ್ಯಾಂಕಿನಲ್ಲಿಟ್ಟಿದ್ದೇನೆ’ ಎನ್ನುತ್ತಿದ್ದಳು. 2020ರ ಆಗಸ್ಟಿನಲ್ಲಿ ಹತ್ತು ಗ್ರಾಂಗೆ 55 ಸಾವಿರದ ಆಸುಪಾಸಿನಲ್ಲಿದ್ದ ಅಪರಂಜಿ ಚಿನ್ನ 2025ರ ಏಪ್ರಿಲ್‌ನಲ್ಲಿ ಒಂದು ಲಕ್ಷ ಮುಟ್ಟಿತು. ನನ್ನ ಸಂಬಳ ಈ ಐದು ವರ್ಷದಲ್ಲಿ ಅದರ ಹತ್ತಿರಕ್ಕೂ ಏರಿಲ್ಲ. ಆದರೂ ಒಮ್ಮೆ ಕೊಟ್ಟಮೇಲೆ ಮುಂದಿನ ವರ್ಷವೂ ಕೊಡಲೇಬೇಕು ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತಿತ್ತು.

2025ರ ಆಗಸ್ಟಿನಲ್ಲಿ ಓವರ್‌ಟೈಮ್ ನಿಂತ ಸುದ್ದಿ ಹೇಳಿದ ರಾತ್ರಿ, ಬಿಡಿಸಿ ತಂದು ಹತ್ತು ದಿನವೂ ಆಗದ ಅದೇ ಬಳೆಗಳನ್ನು ಅವಳು ತೆಗೆದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. ‘ಬೇಕಾದರೆ ಮತ್ತೆ ಇಡಿ’ ಎಂದಳು. ನನಗೆ ತುತ್ತು ಇಳಿಯಲಿಲ್ಲ.

ಮರುದಿನವೇ ಮೂವರು ತಂಗಿಯರನ್ನೂ ಒಂದೇ ಕರೆಯಲ್ಲಿ ಸೇರಿಸಿ ಮಾತಾಡಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿದರೆ ಮಾತಿಗೆ ಬಣ್ಣ ಸೇರಿ ಇನ್ನೊಬ್ಬರ ಕಿವಿ ಮುಟ್ಟುತ್ತದೆ. ‘ಓವರ್‌ಟೈಮ್ ಇಲ್ಲಮ್ಮಾ. ಈ ಸಲ ಸೀರೆ, ನಾಣ್ಯ ಆಗುವುದಿಲ್ಲ. ಬಾಗಿನ ನಾನೇ ತಂದುಕೊಡುತ್ತೇನೆ, ಜೊತೆಗೆ ಐನೂರೊಂದು ರೂಪಾಯಿ. ಮೂವರಿಗೂ ಒಂದೇ’ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತುಮಕೂರಿನ ತಂಗಿ ಹೇಳಿದಳು: ‘ಅಣ್ಣಾ, ಹೋದ ವರ್ಷದ ನಾಣ್ಯ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಎರಡು ಮನೆಯ ಬೀಗ ಒಡೆದಿದ್ದಾರೆ. ಊರಿಗೆ ಬರಬೇಕಾದರೂ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಬರುತ್ತೇನೆ.’ ಸಾಲ ಮಾಡಿ ನಾನು ಕೊಟ್ಟದ್ದು ಅವಳ ನಿದ್ದೆ ಕೆಡಿಸಿತ್ತು.

ಬಾಗಿನಕ್ಕೆಂದು ಕೆ.ಆರ್. ಮಾರುಕಟ್ಟೆಯಿಂದ ಮೂರು ಜೊತೆ ಮೊರ ತಂದೆವು. ಅವಕ್ಕೆ ಅರಿಶಿನ ಬಳಿದು ಒಣಗಿಸುವ ಕೆಲಸ ಮಗಳದು. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಕರಿಮಣಿ, ಪುಟ್ಟ ಕನ್ನಡಿ, ಬಾಚಣಿಗೆ, ಎಲ್ಲವನ್ನೂ ನೆಲದ ಮೇಲೆ ಹರಡಿ ಹೆಂಡತಿ ಜೋಡಿಸಿದಳು. ಬಾಗಿನದಲ್ಲಿ ಚಿನ್ನ ಎಲ್ಲಿಯೂ ಇರಲಿಲ್ಲ. ಅಮ್ಮ ಕೊಡುತ್ತಿದ್ದಾಗಲೂ ಇರಲಿಲ್ಲ. ಅದನ್ನು ಸೇರಿಸಿದವನು ನಾನು. ಹಬ್ಬದ ಹಿಂದಿನ ಭಾನುವಾರ ತುಮಕೂರಿನ ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ತಂಗಿ ಬಾಗಿಲಲ್ಲೇ ಮೇಲಿನ ಮೊರ ಸರಿಸಿ ನೋಡಿ, ‘ಅಮ್ಮ ಇಡುತ್ತಿದ್ದ ಹಾಗೇ ಇದೆ’ ಎಂದು ಕಣ್ಣೊರೆಸಿಕೊಂಡಳು.

ಎಲ್ಲರೂ ಹಾಗೆಯೇ ಇರುತ್ತಾರೆ ಎಂದು ನಿಮಗೆ ಭರವಸೆ ಕೊಡಲಾರೆ. ಕಿರಿಯ ತಂಗಿಯ ಅತ್ತೆಯವರು ‘ಇಷ್ಟೇನಾ’ ಎಂದರಂತೆ. ಆ ಮಾತು ಇಂದಿಗೂ ಚುಚ್ಚುತ್ತದೆ. ಆದರೆ ಅವರ ಬಾಯಿ ಮುಚ್ಚಿಸಲು ಹೆಂಡತಿಯ ಬಳೆಯನ್ನು ಮತ್ತೆ ಅಂಗಡಿಗೆ ಒಯ್ಯುವುದಿಲ್ಲ.

ನಿಮ್ಮ ಮನೆಯ ವಿಷಯದಲ್ಲಿ ಒಂದು ಎಚ್ಚರಿಕೆ ಇರಲಿ: ನಾದಿನಿಯರಿಗೆ ಈ ಮಾತನ್ನು ನೀವು ಹೇಳಬೇಡಿ, ಯಜಮಾನರೇ ಹೇಳಲಿ. ಅತ್ತಿಗೆ ಹೇಳಿದರೆ ‘ಇವಳೇ ತಡೆದಳು’ ಎಂದಾಗುತ್ತದೆ. ಅಣ್ಣ ಹೇಳಿದರೆ ಕಷ್ಟ ಅರ್ಥವಾಗುತ್ತದೆ. ಮಕ್ಕಳಿಗೆ ಬೇರೆ ಬೇರೆ ಬಟ್ಟೆ ತೆಗೆಯುವ ಬದಲು, ಎಲ್ಲರೂ ಒಂದು ದಿನ ಒಂದೇ ಮನೆಯಲ್ಲಿ ಸೇರಿ ಹೋಳಿಗೆ ಊಟ ಮಾಡಿ. ಮನೆಯಲ್ಲಿ ಹೊಸ ಅಳಿಯನ ಮೊದಲ ದೀಪಾವಳಿ ಇದ್ದರೆ ಮಾತ್ರ ಅದನ್ನು ಬೇರೆ ಲೆಕ್ಕದಲ್ಲಿಡಿ. ಅಲ್ಲಿ ಮಗಳ ಮರ್ಯಾದೆಯ ಪ್ರಶ್ನೆ ಇರುತ್ತದೆ.

ಇನ್ನು ಕಳ್ಳರ ಭಯ. ಬೆಳಗಿನ ಜಾವ ಬಗ್ಗಿ ರಂಗೋಲಿ ಹಾಕುವಾಗ, ವಿಳಾಸ ಕೇಳುವ ನೆಪದಲ್ಲಿ ಬೈಕ್ ನಿಲ್ಲಿಸಿದಾಗ ಸರ ಹೋಗುವುದು ಹೆಚ್ಚು. ಆ ಹೊತ್ತಿಗೆ ಸರವನ್ನು ಒಳಗೆ ತೆಗೆದಿಡಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಒಟ್ಟಿಗೆ ರಂಗೋಲಿ ಹಾಕಿ. ಊರಿಗೆ ಹೊರಟರೆ ಠಾಣೆಗೆ ತಿಳಿಸಿ ಹೋಗಿ, ಗಸ್ತಿನವರು ಬೀಗ ಹಾಕಿದ ಮನೆಯ ಮೇಲೆ ಒಂದು ಕಣ್ಣಿಡುತ್ತಾರೆ. ಊರಲ್ಲಿರುವ ಫೋಟೊಗಳನ್ನು ಸ್ಟೇಟಸ್‌ಗೆ ಹಾಕುವುದು ವಾಪಸ್ ಬಂದಮೇಲೆ ಸಾಕು. ಸರ ಕಳೆದುಕೊಂಡ ಆ ಇಬ್ಬರು ದೂರು ಕೊಟ್ಟಿದ್ದಾರೆಯೇ? ಇಲ್ಲದಿದ್ದರೆ ಜೊತೆಗೆ ಹೋಗಿ ಕೊಡಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಹೋಗುವುದಕ್ಕೆಂದೇ 304ನೇ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ತುರ್ತಿಗೆ 112. ಬ್ಯಾಂಕ್ ಲಾಕರ್ ಒಳ್ಳೆಯದೇ, ಆದರೆ ಅಲ್ಲಿ ಕಳವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ ಎಂಬುದು ತಿಳಿದಿರಲಿ.

ಈ ಭಾನುವಾರ ಊಟವಾದ ಮೇಲೆ ಯಜಮಾನರ ಕೈಗೆ ಫೋನ್ ಕೊಟ್ಟು, ನೀವು ಪಕ್ಕದಲ್ಲೇ ಕುಳಿತುಕೊಳ್ಳಿ.