ಬರ್ಫ ಆದ ಲಸಿಕೆ ಕರಗಿದರೂ ಯಾಕೆ ಬೇಡ?

ಪ್ರಶ್ನೆ: ನಮ್ಮ ಉಪಕೇಂದ್ರದ ಸಿಸ್ಟರ್ ಹೆಪಟೈಟಿಸ್-ಬಿ ಲಸಿಕೆ ಬರ್ಫ ಆಗಿತ್ತೆಂದು ಬದಿಗಿಟ್ಟರು. ಕರಗಿದ ಮೇಲೆ ಮೊದಲಿನ ಹಾಗೇ ಕಾಣುತ್ತಿತ್ತು. ಒಳಗಿನ ಔಷಧಿ ಎಲ್ಲಿ ಹೋಯಿತು?
– ಆಶಾ ಕಾರ್ಯಕರ್ತೆ, ಜಮಖಂಡಿ

ಉತ್ತರ: ಎಲ್ಲೂ ಹೋಗಿಲ್ಲ, ಅದರ ಆಕಾರ ಕೆಟ್ಟಿದೆ. ಆ ಬಾಟಲಿಯಲ್ಲಿ ವೈರಸ್ ಇರುವುದಿಲ್ಲ. ಯೀಸ್ಟ್‌ನಲ್ಲಿ ತಯಾರಿಸಿದ, ವೈರಸ್ಸಿನ ಹೊರಮೈಯ ಪ್ರೋಟೀನು ಸುಮಾರು 22 ನ್ಯಾನೊಮೀಟರಿನ ಉಂಡೆಗಳಾಗಿ ಕೂಡಿಕೊಂಡಿರುತ್ತದೆ. ರೋಗ ತಡೆಯುವ ಪ್ರತಿಕಾಯಗಳನ್ನು ತಯಾರಿಸುವ ನಮ್ಮ ಬಿ-ಕೋಶ ಗುರುತು ಹಿಡಿಯುವುದು ಉಂಡೆಯ ಉಬ್ಬುತಗ್ಗನ್ನು. ಒಂದೇ ಉಬ್ಬು ಒತ್ತೊತ್ತಾಗಿ ಹಲವು ಕಡೆ ಸಿಕ್ಕರೆ ಕೋಶದ ಮೈಮೇಲಿನ ಹಲವು ಗ್ರಾಹಕಗಳು (ರಿಸೆಪ್ಟರ್) ಒಮ್ಮೆಗೇ ಕಚ್ಚಿಕೊಂಡು ಅದು ಜೋರಾಗಿ ಎಚ್ಚರಗೊಳ್ಳುತ್ತದೆ. ಬಿಡಿ ಪ್ರೋಟೀನಿಗೆ ಆ ತಾಕತ್ತಿಲ್ಲ.

ಈ ಉಂಡೆಗಳು ಅಲ್ಯೂಮಿನಿಯಂ ಲವಣದ ಕಣಗಳಿಗೆ ಅಂಟಿರುತ್ತವೆ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದರೂ ಲಸಿಕೆ ಹೆಪ್ಪುಗಟ್ಟಬಹುದು. ಆಗ ಬರ್ಫದ ಹರಳು ಕಣಗಳನ್ನು ಒತ್ತಿ ಗಂಟು ಮಾಡುತ್ತದೆ, ಉಂಡೆಗಳೂ ಕೆಡುತ್ತವೆ. ಒಡೆದ ಹಾಲು ಕಲಕಿದರೆ ಹಾಲಾಗದು, ಇದೂ ಹಾಗೇ.

ಗಟ್ಟಿಯಾಗಿದ್ದನ್ನು ಕಣ್ಣಾರೆ ಕಂಡರೆ ಪರೀಕ್ಷೆಯೇ ಬೇಡ, ಬಳಸಬೇಡಿ. ಬರೀ ಅನುಮಾನವಿದ್ದರೆ ಶೇಕ್ ಟೆಸ್ಟ್: ಅದೇ ಕಂಪನಿ, ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಗಟ್ಟಿ ಬರ್ಫ ಮಾಡಿ, ತಾನಾಗಿ ಕರಗಲು ಬಿಡಿ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡು ಕುಲುಕಿ ಮೇಜಿನ ಮೇಲಿಟ್ಟು ಅರ್ಧ ಗಂಟೆಯವರೆಗೆ ನೋಡಿ. ಬರ್ಫ ಮಾಡಿದ್ದರಲ್ಲಿ ಗಷ್ಟು ಬೇಗ ತಳಕ್ಕಿಳಿಯುತ್ತದೆ. ಅನುಮಾನದ ಬಾಟಲಿಯಲ್ಲೂ ಅಷ್ಟೇ ಬೇಗ ಇಳಿದರೆ ಅದನ್ನು ಬಿಟ್ಟುಬಿಡಿ. ಪೆಂಟಾ (ಐದು ರೋಗಗಳ ಲಸಿಕೆ), ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ) ಇವಕ್ಕೂ ಇದೇ ಕ್ರಮ.

ಪೋಲಿಯೊ ಚುಚ್ಚುಮದ್ದು ಐಪಿವಿಗೆ ಮಾತ್ರ ಈ ಟೆಸ್ಟ್ ನಡೆಯದು, ಅದು ತಿಳಿ ದ್ರವ, ಗಷ್ಟಿಲ್ಲ. ಆಕಾರದ ಮಹತ್ವ ಅದರಲ್ಲೇ ಹೆಚ್ಚು ಕಾಣುತ್ತದೆ ಅನ್ನಿ: ಅದರ ಬಲವನ್ನು ಅಳೆಯುವುದೇ ಡಿ-ಆಂಟಿಜೆನ್ ಯೂನಿಟ್‌ಗಳಲ್ಲಿ, ಅಂದರೆ ಸರಿಯಾದ ಆಕಾರದಲ್ಲಿರುವ ಸತ್ತ ವೈರಸ್ ಕಣ ಎಷ್ಟಿದೆ ಎಂಬ ಲೆಕ್ಕದಲ್ಲಿ. ಕಾಯಿಸಿದರೆ ಅದೇ ಕಣ ಮೈ ಬದಲಿಸಿ ಸಿ-ಆಂಟಿಜೆನ್ ಆಗುತ್ತದೆ. ಪ್ರೋಟೀನು ಅಷ್ಟೇ ಇದ್ದರೂ ಅದರಿಂದ ಹುಟ್ಟುವ ಪ್ರತಿಕಾಯ ನಿಜವಾದ ವೈರಸ್ಸನ್ನು ತಡೆಯದು.

ಪ್ರಶ್ನೆ: ವಿಜಯಪುರದ ಬಿಸಿಲಿಗೆ ತಂಪು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?
– ಓದುಗರು, ಇಂಡಿ

ಉತ್ತರ: ಅಲ್ಲ. ಬಿಸಿಲಿಗೆ ಹೆದರಿ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಕ್ಯಾರಿಯರ್‌ಗೆ (ಲಸಿಕೆ ಒಯ್ಯುವ ಪೆಟ್ಟಿಗೆ) ಹಾಕುವುದರಿಂದಲೇ ಎಷ್ಟೋ ಬಾಟಲಿ ಕೆಡುತ್ತವೆ. ಪ್ಯಾಕು ಹೊರಗಿಟ್ಟು, ಮೈ ಬೆವರಿ, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆಯೇ ಹಾಕಿ. ಬೇಕಾದದ್ದು 2ರಿಂದ 8 ಡಿಗ್ರಿ.