ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ

ಕೋಲಾರದಲ್ಲಿ ಮೋಲ್ಡ್ (ತಾರಸಿಯ ಕಾಂಕ್ರೀಟ್) ಹಾಕಿ ಹತ್ತು ದಿನ ಆದರೂ ಮೇಸ್ತ್ರಿ ಸೆಂಟ್ರಿಂಗ್, ಅಂದರೆ ಅದನ್ನು ಹೊತ್ತು ನಿಂತ ಹಲಗೆ-ಕಂಬ, ಬಿಚ್ಚುತ್ತಿಲ್ಲ, ಸುಮ್ನೆ ಎಳೆಯುತ್ತಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ಅವರು ಮಾಡುತ್ತಿರುವುದು ಸರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸ್ಲ್ಯಾಬ್ ಒಂದು ಆಧಾರದಿಂದ (ಗೋಡೆ ಅಥವಾ ಬೀಮ್) ಇನ್ನೊಂದಕ್ಕೆ 4.5 ಮೀಟರ್ ಒಳಗಿದ್ದರೆ ಆಸರೆ ಕಂಬ 7 ದಿನ ಇರಬೇಕು, ಜಾಸ್ತಿ ಇದ್ದರೆ 14 ದಿನ. ಬೀಮ್ ಕೆಳಗೆ 14 ದಿನ, ಅದು ಆಧಾರದಿಂದ ಆಧಾರಕ್ಕೆ 6 ಮೀಟರ್ ದಾಟಿದರೆ 21. ನಿಮ್ಮ ಹಾಲ್ 18 ಅಡಿ, ಅಂದರೆ ಸುಮಾರು 5.5 ಮೀಟರ್. ಕಾಯಲೇಬೇಕು. ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಇನ್ನೂ ನಿಧಾನ, ಅದು ಗಟ್ಟಿಯಾಗುವುದೇ ತಡ.

ನಿಜವಾದ ತಲೆನೋವು ಕಾಂಕ್ರೀಟ್ ಒದ್ದೆಯಾಗಿಡಲು (ಕ್ಯೂರಿಂಗ್) ಬೇಕಾದ ನೀರಿನದು, ಅಲ್ವಾ? ಈ ಬಿಸಿಲಿಗೆ ಬೆಳಿಗ್ಗೆ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು ಸಂಜೆಗೆ ಇರುವುದಿಲ್ಲ. ಟ್ಯಾಂಕರ್ ತಡವಾದರೆ ಒದ್ದೆ ಗೋಣಿಚೀಲ ಹಾಸಿ. ಗಾರೆಯವರು ಬೆಂಗಳೂರಿನ ಕೆಲಸಕ್ಕೆ ಹೋಗಿ ಪ್ಲಾಸ್ಟರಿಂಗ್ ನಿಂತರೆ, ಆಗ ಮೇಸ್ತ್ರಿ ಹತ್ತಿರ ಜಗಳ ಆಡಿ.