ಮಾವನವರ ಕಾಲಿಗೆ ಯಾವ ಶೂ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮಾವನವರಿಗೆ 71 ವರ್ಷ, ಪಾರ್ಕಿನ್ಸನ್ (ನಡುಕದ ಕಾಯಿಲೆ) ಇದೆ. ಕಾಲು ಎಳೆದುಕೊಂಡು ನಡೀತಾರೆ. ಹವಾಯಿ ಚಪ್ಪಲಿ ಕಳಚಿ ಹೋಗುತ್ತೆ ಅಂತ ದುಬಾರಿ ಸ್ಪೋರ್ಟ್ಸ್ ಶೂ ಕೊಡಿಸಿದೆವು. ಈಗ ಮುಗ್ಗರಿಸೋದು ಇನ್ನೂ ಜಾಸ್ತಿ! ಶೂ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ಏನು ಮಾಡೋಣ?
– ಓದುಗರು, ದಾವಣಗೆರೆ

ಉತ್ತರ: ಅವರ ಹಟದಲ್ಲಿ ಅರ್ಥ ಇದೆ ಕಣ್ರೀ. ಪಾರ್ಕಿನ್ಸನ್ ಇರುವವರಲ್ಲಿ ಪಾದ ಮೇಲೇಳುವುದೇ ಕಡಿಮೆ. ಹಿಮ್ಮಡಿ ಮೊದಲು ಊರುವ ಬದಲು ಪಾದ ನೆಲಕ್ಕೆ ಉಜ್ಜಿಕೊಂಡೇ ಮುಂದೆ ಹೋಗುತ್ತದೆ. ಅಂಥ ಕಾಲಿಗೆ ದಪ್ಪ ರಬ್ಬರ್ ಅಟ್ಟೆಯ, ಭರ್ಜರಿ ಗ್ರಿಪ್ಪಿನ ಶೂ ಹಾಕಿಸಿದರೆ ಅಟ್ಟೆ ನೆಲವನ್ನು ಕಚ್ಚಿಕೊಳ್ಳುತ್ತದೆ, ಕಾಲು ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ಮುಂದಕ್ಕೆ ವಾಲುತ್ತದೆ. ಹಾಗಂತ ನುಣ್ಣನೆಯ ಅಟ್ಟೆಯೂ ಬೇಡ, ಟೈಲ್ಸ್ ಮೇಲೆ ಜಾರುತ್ತೆ. ತೆಳುವಾಗಿ, ಗಟ್ಟಿಯಾಗಿ, ಹದವಾದ ಹಿಡಿತ ಇರುವುದನ್ನು ಹುಡುಕಿ. ಮುಂತುದಿ ಒಂಚೂರು ಮೇಲಕ್ಕೆ ಬಾಗಿದ್ದರೆ ಇನ್ನೂ ಒಳ್ಳೆಯದು. ಮೆತ್ತಗಿದ್ದಷ್ಟೂ ಆರಾಮ ಅನ್ನೋ ಅಂಗಡಿಯವರ ಮಾತು ನಂಬಬೇಡಿ. ಫೋಮ್ ಜಾಸ್ತಿಯಾದರೆ ಪಾದಕ್ಕೆ ನೆಲವೇ ಸರಿಯಾಗಿ ಸಿಗಲ್ಲ.

ಹವಾಯಿ ಮಾತ್ರ ವಾಪಸ್ ಕೊಡಬೇಡಿ. ಅದು ಕಾಲಲ್ಲಿ ನಿಲ್ಲಬೇಕಾದರೆ ಬೆರಳುಗಳು ಸದಾ ಬಿಗಿಹಿಡಿದೇ ಇರಬೇಕು. ಕೆಲವರಿಗೆ ಬೆಳಿಗ್ಗೆ ಮಾತ್ರೆ ಕೆಲಸ ಶುರುಮಾಡುವ ಮುಂಚೆ ಬೆರಳು ತಾನಾಗಿಯೇ ಮಡಚಿಕೊಂಡು ನೋಯುತ್ತದೆ. ಅದಕ್ಕೇ ಶೂ ಮುಂದೆ ಅಗಲವಾಗಿ ಇರಬೇಕು. ಹಿಂಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಕುಸಿದರೆ ಅಲ್ಲೇ ಬಿಟ್ಟುಬಿಡಿ.

ಲೇಸ್ ಬೇಡ, ವೆಲ್ಕ್ರೋ ಇರಲಿ. ನಡುಗೋ ಬೆರಳಿಗೆ ಗಂಟು ಹಾಕೋದು ಕಷ್ಟ, ಅಷ್ಟೇ ಅಲ್ಲ, ಬಗ್ಗಿ ಎದ್ದಾಗ ಬಿಪಿ ಇಳಿದು ತಲೆ ಸುತ್ತುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ. ಬಾಗಿಲ ಹತ್ತಿರ ಕೈ ಇರುವ ಕುರ್ಚಿ ಹಾಕಿ. ಹಿಮ್ಮಡಿಯನ್ನು ಶೂ ಒಳಗೆ ಜಾರಿಸೋಕೆ ಉದ್ದ ಹಿಡಿಯ ಶೂ ಹಾರ್ನ್ ಒಂದು ತಂದಿಡಿ. ಅವಸರ ಮಾಡಿಸಬೇಡಿ.

ಕೊಳ್ಳೋಕೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಒಂದಿಷ್ಟು ಊದಿಕೊಂಡಿರುತ್ತದೆ. ಪಾರ್ಕಿನ್ಸನ್ನಿನ ಕೆಲವು ಮಾತ್ರೆಗಳಿಂದಲೂ ಕಾಲು ಊದುತ್ತದೆ. ಎರಡೂ ಕಾಲಿಗೆ ಹಾಕಿಸಿ, ಅಂಗಡಿಯಲ್ಲೇ ನಡೆಸಿ, ಮುಖ್ಯವಾಗಿ ತಿರುಗಲು ಹೇಳಿ. ಸಾಮಾನ್ಯವಾಗಿ ಎಡವೋದು ತಿರುಗುವಾಗಲೇ.

ಇನ್ನು ಮನೆಯೊಳಗೆ. ನಾವು ಶೂ ಹೊರಗೇ ಬಿಡೋರು, ಅಲ್ವಾ? ಹಾಗಾಗಿ ಒಳಗೆ ಹಾಕೋಕೆ ಅಂತಲೇ ಹಿಂದೆ ಮುಚ್ಚಿದ ಇನ್ನೊಂದು ಜೊತೆ ಇಟ್ಟುಬಿಡಿ. ಟೈಲ್ಸ್ ಮೇಲೆ ಬರೀ ಸಾಕ್ಸ್‌ನಲ್ಲಿ ಓಡಾಡೋದು ಬೇಡ. ಹೊಸಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟರೆ ಶೂ ಬದಲಿಸಿ ಪ್ರಯೋಜನವಿಲ್ಲ. ಅಲ್ಲಿ ನೆಲಕ್ಕೆ ಅಡ್ಡಡ್ಡವಾಗಿ ಬಣ್ಣದ ಟೇಪ್ ಅಂಟಿಸಿ, ಒಂದೊಂದೇ ಪಟ್ಟಿ ದಾಟಲು ಹೇಳಿ. ಬಹಳ ಜನರಿಗೆ ಇದು ಸಹಾಯವಾಗುತ್ತದೆ. ಮುಗ್ಗರಿಸೋದು ದಿನದ ಯಾವ ಹೊತ್ತಲ್ಲಿ ಜಾಸ್ತಿ ಅಂತ ಬರೆದಿಟ್ಟುಕೊಂಡು ನ್ಯೂರಾಲಜಿ ಡಾಕ್ಟರಿಗೆ ತೋರಿಸಿ, ಮಾತ್ರೆಯ ಸಮಯ ಬದಲಿಸಬೇಕಾ ಅಂತ ಅವರು ನೋಡುತ್ತಾರೆ.